ಅತಿ ಉದ್ದದ ರಾತ್ರಿಯ ಕಾವಲು: ಯೂಲ್ ಹಬ್ಬ ಆಚರಿಸುವ ಸಮಗ್ರ ಮಾರ್ಗದರ್ಶಿ

ಯುರೋಪಿನ ಹಳೆಯ ದೇವತೆಗಳನ್ನು ಆರಾಧಿಸುವವರ ಚಳಿಗಾಲದ ಹಬ್ಬ ಯೂಲ್. ಅದು ಕೆಡುವುದು ಹೆಚ್ಚಾಗಿ ಒಂದೇ ಕಾರಣಕ್ಕೆ. ಸಂಜೆ ಐದು ಹೊಡೆಯುವ ಮೊದಲೇ ಮನೆ ತುಂಬ ದೀಪ ಹಚ್ಚಿ, ಊಟಕ್ಕೆ ಕೂತು, ಆಮೇಲೆ ಯಾವಾಗಲೋ ನೆನಪಾಗಿ ಹಬ್ಬದ ಮರದ ದಿಮ್ಮಿಯ ಮೇಲೆ ನೆಟ್ಟ ಮೇಣದಬತ್ತಿ ಹೊತ್ತಿಸುತ್ತಾರೆ. ಅಷ್ಟು ಬೆಳಕಿನ ನಡುವೆ ಇನ್ನೊಂದು ಬೆಳಕು ಬಂದದ್ದು ಯಾರ ಕಣ್ಣಿಗೂ ಬೀಳುವುದಿಲ್ಲ. ಈ ಹಬ್ಬದಲ್ಲಿ ಮೊದಲ ಮಣೆ ಕತ್ತಲೆಗೆ. ವರ್ಷದ ಅತಿ ಉದ್ದದ ರಾತ್ರಿ ಎಲ್ಲ ದೀಪ ಆರಿಸಿ ಸುಮ್ಮನೆ ಕೂತು, ಆ ಕತ್ತಲಿನೊಳಗಿಂದ ಒಂದು ಕಿಡಿ ಎಬ್ಬಿಸುವ ಗಳಿಗೆಯೇ ಯೂಲ್. ಕೆಳಗಿನ ತಯಾರಿಯೆಲ್ಲ ಆ ಒಂದು ಗಳಿಗೆಗಾಗಿ.

ಯಾರ ಹಬ್ಬ, ಯಾವ ಪದ್ಧತಿ

ಕ್ರೈಸ್ತಧರ್ಮಕ್ಕಿಂತ ಹಿಂದಿನ ಯುರೋಪಿನ ದೇವತೆಗಳನ್ನೂ ಋತುಚಕ್ರವನ್ನೂ ಆರಾಧಿಸುವವರು ಇಂದು ತಮ್ಮನ್ನು ಪೇಗನ್ನರು ಎಂದು ಕರೆದುಕೊಳ್ಳುತ್ತಾರೆ. ಒಂದು ಕಾಲಕ್ಕೆ ಅದು ಬೈಗುಳವಾಗಿತ್ತು. ಈಗ ಅಭಿಮಾನದ ಹೆಸರು. ಇಂಗ್ಲೆಂಡ್ ಮತ್ತು ವೇಲ್ಸ್‌ನ 2021ರ ಜನಗಣತಿಯಲ್ಲಿ ಸುಮಾರು 74,000 ಮಂದಿ ತಮ್ಮ ಧರ್ಮ ಪೇಗನ್ ಎಂದೂ, ಸುಮಾರು 13,000 ಮಂದಿ ಅದರದೇ ಒಂದು ಪಂಥವಾದ ವಿಕ್ಕಾ ಎಂದೂ ಬರೆಸಿದರು.

ಪದ್ಧತಿಗಳು ಹಲವು. ವಿಕ್ಕಾದವರಿಗೆ ಇದು ದೇವಿ ಸೂರ್ಯಶಿಶುವನ್ನು ಹೆರುವ ರಾತ್ರಿ. ಪ್ರಾಚೀನ ಕೆಲ್ಟಿಕ್ ಪುರೋಹಿತರ ಹೆಸರು ಹೊತ್ತ ಡ್ರೂಯಿಡರು ಇದನ್ನು ಆಲ್ಬನ್ ಆರ್ಥನ್ ಎನ್ನುತ್ತಾರೆ. ನಾರ್ಸ್ ಮತ್ತು ಜರ್ಮಾನಿಕ್ ದೇವತೆಗಳನ್ನು ನಂಬುವ ಹೀದನ್ನರಿಗೆ ಯೂಲ್ ಒಂದು ದಿನದ್ದಲ್ಲ, ಹನ್ನೆರಡು ರಾತ್ರಿಗಳದ್ದು. ಐಸ್‌ಲ್ಯಾಂಡ್‌ನಲ್ಲಿ 1972ರಲ್ಲಿ ಹುಟ್ಟಿದ ಆಸಾತ್ರುವಾರ್‌ಫೆಲಾಗಿದ್ ಎಂಬ ಹೀದನ್ ಸಂಘಕ್ಕೆ ಮರುವರ್ಷವೇ ಸರ್ಕಾರದ ಮಾನ್ಯತೆ ಸಿಕ್ಕಿತು.

ಇದು ಐದು ಸಾವಿರ ವರ್ಷಗಳಿಂದ ಕಡಿಯದೆ ಬಂದ ಸಂಪ್ರದಾಯ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಯೂಲ್ ಸೇರಿ ವರ್ಷಕ್ಕೆ ಎಂಟು ಹಬ್ಬಗಳ ಈಗಿನ ಚಕ್ರ ರೂಪುಗೊಂಡದ್ದು 1950ರ ದಶಕದ ಬ್ರಿಟನ್ನಿನಲ್ಲಿ. ವಿಕ್ಕಾದ ಜೆರಾಲ್ಡ್ ಗಾರ್ಡ್ನರ್, ಡ್ರೂಯಿಡ್ ರಾಸ್ ನಿಕೊಲ್ಸ್ ಅದರ ಹಿಂದಿದ್ದರು. ಹಳೆಯ ಎಳೆಗಳು ಇಲ್ಲವೆಂದಲ್ಲ. 8ನೇ ಶತಮಾನದ ಇಂಗ್ಲಿಷ್ ಸನ್ಯಾಸಿ ಬೀಡ್, ಹಿಂದಿನವರು ‘ಮೊದ್ರನಿಹ್ಟ್’ ಅಂದರೆ ತಾಯಂದಿರ ರಾತ್ರಿಯನ್ನು ಆಚರಿಸುತ್ತಿದ್ದರೆಂದು ಬರೆದಿಟ್ಟಿದ್ದಾನೆ. ಆ ಒಂದೆರಡು ಸಾಲಿನಿಂದಲೇ ಇಂದಿನ ಹೀದನ್ನರು ಹನ್ನೆರಡು ರಾತ್ರಿಗಳಲ್ಲಿ ಮೊದಲನೆಯದನ್ನು ಕುಲದ ತಾಯಂದಿರಿಗೆ ಮೀಸಲಿಟ್ಟಿದ್ದಾರೆ. ಹಳೆಯದು ಯಾವುದು, ಕಟ್ಟಿಕೊಂಡದ್ದು ಯಾವುದು ಎಂದು ತಿಳಿದು ಆಚರಿಸಿದರೆ ಭಕ್ತಿ ಕಡಿಮೆಯಾಗುವುದಿಲ್ಲ.

ಯಾವ ರಾತ್ರಿ?

ಸೂರ್ಯ ದಕ್ಷಿಣದ ತುದಿ ಮುಟ್ಟಿ ತಿರುಗುವುದು ಒಂದು ಕ್ಷಣ. ಆ ಕ್ಷಣ ಭೂಮಿಗೆಲ್ಲ ಒಂದೇ, ಗಡಿಯಾರದಲ್ಲಿ ಮಾತ್ರ ಬೇರೆ ಬೇರೆ. 2026ರಲ್ಲಿ ಅದು ಗ್ರೀನಿಚ್ ಕಾಲಮಾನದಂತೆ ಡಿಸೆಂಬರ್ 21ರ ರಾತ್ರಿ 8:50ಕ್ಕೆ. ಬೆಂಗಳೂರಿನಲ್ಲಿ ಆಗ 22ರ ನಸುಕಿನ 2:20. 2027ರಲ್ಲಿ ಗ್ರೀನಿಚ್‌ನಲ್ಲಿ 22ರ ನಸುಕಿನ 2:42, ನ್ಯೂಯಾರ್ಕ್‌ನಲ್ಲಿ ಇನ್ನೂ 21ರ ರಾತ್ರಿ 9:42. ಪ್ರತಿವರ್ಷ ‘ಡಿಸೆಂಬರ್ 21’ ಎಂದು ಕಣ್ಣುಮುಚ್ಚಿ ಗುರುತು ಹಾಕಿಕೊಂಡರೆ ಒಂದಲ್ಲ ಒಂದು ಸಲ ತಪ್ಪುತ್ತದೆ. ಕ್ಷಣಕ್ಕೆ ಹತ್ತಿರದ ರಾತ್ರಿಯನ್ನು ಹಿಡಿಯಿರಿ: ಬ್ರಿಟನ್ನಿನಲ್ಲಿದ್ದರೆ 2026ರ ಕಾವಲು 21ರ ಸೂರ್ಯಾಸ್ತದಿಂದ 22ರ ಸೂರ್ಯೋದಯದವರೆಗೆ.

ಲಂಡನ್ನಿನಲ್ಲಿ ಅಂದು ಸೂರ್ಯ ಮುಳುಗುವುದು ಮಧ್ಯಾಹ್ನ 3:53ರ ಸುಮಾರಿಗೆ, ಹುಟ್ಟುವುದು ಬೆಳಗ್ಗೆ 8:04ಕ್ಕೆ. ಹದಿನಾರು ಗಂಟೆಗೂ ಮೀರಿದ ರಾತ್ರಿ. ಐಸ್‌ಲ್ಯಾಂಡಿನ ರಾಜಧಾನಿ ರೇಕ್ಯಾವಿಕ್‌ನಲ್ಲಿ ಹಗಲೇ ನಾಲ್ಕು ಗಂಟೆಯಷ್ಟು. ಬೆಂಗಳೂರಿನ ಹಗಲು ಅಂದು ಹನ್ನೊಂದು ಗಂಟೆ ಇಪ್ಪತ್ತು ನಿಮಿಷ ದಾಟುವುದರಿಂದ, ಈ ಹಬ್ಬದ ತೀವ್ರತೆ ನಮ್ಮೂರಲ್ಲಿ ಕೂತವರಿಗೆ ಸುಲಭಕ್ಕೆ ತಟ್ಟುವುದಿಲ್ಲ. ಮೆಲ್ಬರ್ನ್, ಸಿಡ್ನಿಯ ಪೇಗನ್ನರಲ್ಲಿ ಹೆಚ್ಚಿನವರು ಯೂಲ್ ಆಚರಿಸುವುದು ಜೂನ್ 21ರ ಆಸುಪಾಸಿನಲ್ಲಿ, ಅಲ್ಲಿನ ಚಳಿಗಾಲಕ್ಕೆ ಸರಿಯಾಗಿ.

ನಮ್ಮ ಉತ್ತರಾಯಣಕ್ಕೂ ಇದಕ್ಕೂ ಸಂಬಂಧ ಉಂಟೇ ಎಂದು ಕನ್ನಡಿಗರು ಕೇಳುವುದುಂಟು. ಸೂರ್ಯ ಉತ್ತರಕ್ಕೆ ತಿರುಗುವುದು ಇದೇ ದಿನ. ನಾವು ಸಂಕ್ರಾಂತಿಯನ್ನು ನಕ್ಷತ್ರಗಳ ಹಿನ್ನೆಲೆಯಲ್ಲಿ ಎಣಿಸುತ್ತೇವೆ. ಭೂಮಿಯ ಅಕ್ಷ ನಿಧಾನವಾಗಿ ತೂಗುವುದರಿಂದ ಸುಮಾರು 72 ವರ್ಷಕ್ಕೆ ಒಂದು ದಿನದಂತೆ ಸರಿದು ಸರಿದು ಅದು ಜನವರಿ 14–15ಕ್ಕೆ ಬಂದು ನಿಂತಿದೆ.

ದಿಮ್ಮಿ

ಹಳೆಯ ಮನೆಗಳಲ್ಲಿ ಇಡೀ ದಿಮ್ಮಿಯನ್ನೇ ಒಲೆಗೂಡಿನಲ್ಲಿ (ಫೈರ್‌ಪ್ಲೇಸ್) ಉರಿಸುತ್ತಿದ್ದರು. ಈಗ ಹೆಚ್ಚಿನ ಮನೆಗಳಲ್ಲಿ ಒಲೆಗೂಡೇ ಇಲ್ಲ; ಹಾಗಾಗಿ ದಿಮ್ಮಿಗೆ ತೂತು ಕೊರೆದು ಮೂರು ಮೇಣದಬತ್ತಿ ನಿಲ್ಲಿಸುತ್ತಾರೆ. ಎರಡೂ ವಿಧಾನ ಹೇಳುತ್ತೇವೆ.

ಮೇಣದಬತ್ತಿಯ ದಿಮ್ಮಿಗೆ 35–40 ಸೆಂಟಿಮೀಟರ್ ಉದ್ದ, 10–12 ಸೆಂಟಿಮೀಟರ್ ದಪ್ಪದ ತುಂಡು ಸಾಕು. ಓಕ್, ಆಶ್, ಬರ್ಚ್ ಯಾವುದಾದರೂ ಆಗಬಹುದು. ಬರ್ಚ್‌ನ ಬಿಳಿ ತೊಗಟೆ ನೋಡಲು ಚೆಂದ. ಕಡಿದು ಕನಿಷ್ಠ ಒಂದು ವರ್ಷ ಒಣಗಿದ ಮರವೇ ಆಗಬೇಕು. ಹಸಿ ಮರಕ್ಕೆ ತೂತು ಕೊರೆದರೆ ಬಿಸಿ ಕೋಣೆಯಲ್ಲಿ ಅದು ಒಣಗುತ್ತಾ ಸೀಳು ಬಿಡುತ್ತದೆ, ನೆಟ್ಟಗೆ ನಿಂತಿದ್ದ ಬತ್ತಿ ವಾಲುತ್ತದೆ.

ಮೊದಲು ತಳವನ್ನು ಕೀಸುಳಿಯಿಂದ ಕೆತ್ತಿ 5–6 ಸೆಂಟಿಮೀಟರ್ ಅಗಲಕ್ಕೆ ಚಪ್ಪಟೆ ಮಾಡಿ. ಇದನ್ನು ಬಿಟ್ಟವರ ದಿಮ್ಮಿ ಉರುಳದೆ ಇರುವುದಿಲ್ಲ. ಅಡಿಗೆ ಸಣ್ಣ ಚಕ್ಕೆ ಕೊಟ್ಟು ನಿಲ್ಲಿಸಿದರೆ ಸಾಲದು. ಕತ್ತಲಲ್ಲಿ ಯಾರ ಮೊಣಕೈಯೋ ತಾಗುತ್ತದೆ. ಆಮೇಲೆ ಮೇಲ್ಭಾಗದಲ್ಲಿ 10 ಸೆಂಟಿಮೀಟರ್ ಅಂತರದಲ್ಲಿ ಮೂರು ಗುರುತು ಹಾಕಿ. ಊಟದ ಮೇಜಿನ ಉದ್ದ ಮೇಣದಬತ್ತಿಯ ಬುಡ ಸಾಮಾನ್ಯವಾಗಿ 22 ಮಿಲಿಮೀಟರ್ ಇರುತ್ತದೆ, ಆದರೆ ಕಂಪನಿಯಿಂದ ಕಂಪನಿಗೆ ಒಂದೆರಡು ಮಿಲಿಮೀಟರ್ ವ್ಯತ್ಯಾಸ. ಆದ್ದರಿಂದ ಬತ್ತಿ ಕೊಂಡು ತಂದು ಅಳೆದ ಮೇಲಷ್ಟೇ ಡ್ರಿಲ್ ಕೈಗೆತ್ತಿಕೊಳ್ಳಿ. ತೂತಿನ ಆಳ 25 ಮಿಲಿಮೀಟರ್ ಇರಲಿ. ಕಡಿಮೆಯಾದರೆ ಬತ್ತಿ ಅಲ್ಲಾಡುತ್ತದೆ. ಸಡಿಲವಾದರೆ ಬುಡಕ್ಕೆ ಅಲ್ಯುಮಿನಿಯಂ ಹಾಳೆ ಸುತ್ತಿ ಬಿಗಿ ಮಾಡಿ. ಕಾಗದ ಸುತ್ತಬೇಡಿ, ಬತ್ತಿ ಕರಗಿ ಕೆಳಗಿಳಿದಾಗ ಅದೇ ಹೊತ್ತಿಕೊಳ್ಳುತ್ತದೆ. ತೂತಿನೊಳಗೆ ಲೋಹದ ಬಟ್ಟಲು ಕೂರಿಸಿದರೆ ಇನ್ನೂ ಒಳ್ಳೆಯದು. ಹೇಗಿದ್ದರೂ ಉರಿ ಮರಕ್ಕೆ ಎರಡು ಬೆರಳು ದೂರ ಇರುವಾಗಲೇ ಬತ್ತಿ ಆರಿಸಬೇಕು.

ಬಣ್ಣ ಕೆಂಪು, ಹಸಿರು, ಬಿಳಿ ಇಡುವುದು ವಾಡಿಕೆ. ದೇವಿಯ ಕನ್ಯೆ, ತಾಯಿ, ಮುದುಕಿ ಎಂಬ ಮೂರು ರೂಪಗಳಿಗೆ ಬಿಳಿ, ಕೆಂಪು, ಕಪ್ಪು ಇಡುವವರೂ ಇದ್ದಾರೆ. 25 ಸೆಂಟಿಮೀಟರ್ ಉದ್ದದ ಬತ್ತಿ ಏಳೆಂಟು ಗಂಟೆ ಉರಿಯುತ್ತದೆ. ಮೂರನ್ನೂ ಸಂಜೆಯೇ ಹಚ್ಚಿದರೆ ನಡುರಾತ್ರಿ ದಾಟುವಷ್ಟರಲ್ಲಿ ಮೂರೂ ಮುಗಿದಿರುತ್ತವೆ, ಬೆಳಗಿನವರೆಗೆ ಎಂಟು ಗಂಟೆ ಬಾಕಿ ಇರುತ್ತದೆ. ಅದಕ್ಕೇ ಒಂದು ಸಂಜೆ, ಒಂದು ನಡುರಾತ್ರಿಗೆ ಮೊದಲು, ಇನ್ನೊಂದು ಬೆಳಗಿನ ಜಾವ ಎಂದು ಸರದಿ ಇಡಬೇಕು. ಪ್ರತಿ ಹೊಸ ಬತ್ತಿಯನ್ನೂ ಉರಿಯುತ್ತಿರುವ ಬತ್ತಿಯಿಂದಲೇ ಹಚ್ಚಿ. ಜ್ವಾಲೆ ಒಂದೇ ಆಗಿ ಬೆಳಗಿನವರೆಗೆ ಸಾಗಲಿ. ಜೊತೆಗೆ ಅದೇ ಜ್ವಾಲೆಯಿಂದ ಹಚ್ಚಿದ ಒಂದು ಗಾಜಿನ ಲಾಟೀನು ಇದ್ದರೆ ಗಾಳಿಗೆ ಬತ್ತಿ ಆರಿದರೂ ಭಯವಿಲ್ಲ.

ಒಲೆಗೂಡು ಇದ್ದವರು ಅದರ ಅಗಲಕ್ಕಿಂತ ಒಂದು ಗೇಣು ಚಿಕ್ಕದಾದ ಒಣ ದಿಮ್ಮಿ ತರಲಿ. ಹೊತ್ತಿಸುವುದು ಹೋದ ವರ್ಷದ ದಿಮ್ಮಿಯಿಂದ ಉಳಿಸಿದ ತುಂಡಿನಿಂದ. ಮೊದಲ ವರ್ಷವಾದರೆ ಯೂಲ್ ಆಚರಿಸುವ ಗೆಳೆಯರಿಂದ ಒಂದು ತುಂಡು ಕೇಳಿ ಪಡೆಯಬಹುದು. ಆಪಲ್ ರಸವನ್ನೋ ಸೈಡರ್ ಎಂಬ ಸೇಬಿನ ಮದ್ಯವನ್ನೋ ದಿಮ್ಮಿಗೆ ಸುರಿಯುವ ಪದ್ಧತಿ ಇದೆ. ಹೊತ್ತಿಸುವ ಮೊದಲೇ, ಎರಡು ಚಮಚದಷ್ಟು ಮಾತ್ರ. ಉರಿಯುವ ಬೆಂಕಿಗೆ ಮದ್ಯ ಎರಚುವುದು ಬೇಡವೇ ಬೇಡ. ಬಣ್ಣ ಬಳಿದ, ರಾಸಾಯನಿಕ ಹಚ್ಚಿದ ಅಥವಾ ಸಮುದ್ರದಂಡೆಯಲ್ಲಿ ಸಿಕ್ಕ ಮರವನ್ನು ಉರಿಸಬೇಡಿ, ಹೊಗೆ ವಿಷ. ಮುಷ್ಟಿಯಷ್ಟು ದೊಡ್ಡ ತುಂಡು ಉಳಿದಾಗ ಇಕ್ಕಳದಿಂದ ಹೊರತೆಗೆದು ಆರಿಸಿ, ಪೂರ್ತಿ ತಣಿದ ಮೇಲೆ ಬಟ್ಟೆಯಲ್ಲಿ ಕಟ್ಟಿ ಮುಂದಿನ ವರ್ಷಕ್ಕೆ ಇಡಿ.

ಹಸಿರು

ಚಳಿಗಾಲದಲ್ಲೂ ಎಲೆ ಉದುರಿಸದ ಹಾಲಿ, ಐವಿ, ಪೈನ್ ಮತ್ತು ಮಿಸಲ್‌ಟೋ ಮನೆಗೆ ಬರುತ್ತವೆ. ಮಿಸಲ್‌ಟೋ ಎಂದರೆ ನಮ್ಮ ಮಾವಿನ ಮರದ ಬಂದಳಿಕೆಯ ಬಗೆಯದೇ ಗಿಡ, ಬಿಳಿ ಹಣ್ಣಿನದು. ಇಂಗ್ಲೆಂಡಿನಲ್ಲಿ ಅದು ಹೆಚ್ಚಾಗಿ ಸೇಬಿನ ತೋಟಗಳಲ್ಲಿ ಬೆಳೆಯುತ್ತದೆ; ವೂಸ್ಟರ್‌ಶೈರಿನ ಟೆನ್‌ಬರಿ ವೆಲ್ಸ್ ಅದರ ಮಾರಾಟಕ್ಕೆ ಹೆಸರಾದ ಊರು. ಡ್ರೂಯಿಡರು ಸಭೆಯ ಕೊನೆಗೆ ಇದರ ಚಿಕ್ಕ ಚಿಕ್ಕ ರೆಂಬೆಗಳನ್ನು ಎಲ್ಲರಿಗೂ ಹಂಚುತ್ತಾರೆ, ನಾವು ಪ್ರಸಾದ ಕೊಟ್ಟಂತೆ.

ಜಾಗದ ಒಡೆಯರನ್ನು ಕೇಳಿಯೇ ಕೊಯ್ಯಿರಿ. ಒಂದೇ ಪೊದೆ ಬೋಳಿಸದೆ ನಾಲ್ಕಾರು ಪೊದೆಗಳಿಂದ ಒಂದೊಂದು ರೆಂಬೆ ತನ್ನಿ, ಹಣ್ಣಿನ ಗೊಂಚಲುಗಳನ್ನು ಹಕ್ಕಿಗಳಿಗೂ ಬಿಡಿ. ಹಾಲಿ, ಐವಿ, ಮಿಸಲ್‌ಟೋಗಳ ಹಣ್ಣು ತಿನ್ನುವಂಥದ್ದಲ್ಲ; ಯೂ ಮರವಂತೂ ಎಲೆ, ಬೀಜ ಸಮೇತ ಘೋರ ವಿಷ, ಅದನ್ನು ಮಕ್ಕಳಿರುವ ಮನೆಗೆ ತರಲೇಬೇಡಿ. ರೆಂಬೆಗಳನ್ನು ದಿಮ್ಮಿಯ ಮೇಲೆ ಹೊದಿಸುವ ಚಿತ್ರಗಳು ಎಲ್ಲೆಡೆ ಕಾಣುತ್ತವೆ. ಅನುಕರಿಸಬೇಡಿ. ಬಿಸಿ ಕೋಣೆಯಲ್ಲಿ ನಾಲ್ಕು ದಿನ ಇಟ್ಟ ಪೈನ್ ರೆಂಬೆ ರಾಳದಿಂದಾಗಿ ಭಗ್ಗನೆ ಹೊತ್ತುತ್ತದೆ. ಹಸಿರೆಲ್ಲ ದಿಮ್ಮಿಯ ಕೆಳಗಿಟ್ಟ ತಟ್ಟೆಯ ಆಚೆಗಿರಲಿ.

ವಾಸೇಲ್ ಪಾನಕ

‘ವಾಸೇಲ್’ ಎಂದರೆ ಆರೋಗ್ಯವಾಗಿರು ಎಂಬ ಹಳೆಯ ಹಾರೈಕೆ. ಎಂಟು ಜನಕ್ಕೆ ಮೊದಲು ನಾಲ್ಕು ಸೇಬಿನ ತಿರುಳುಗಂಟು ತೆಗೆದು, ಒಲೆಪೆಟ್ಟಿಗೆಯಲ್ಲಿ (ಓವನ್) 180 ಡಿಗ್ರಿಗೆ 40 ನಿಮಿಷ ಬೇಯಿಸಿ. ಬ್ರ್ಯಾಮ್ಲಿ ಸೇಬು ಸಿಕ್ಕರೆ ಬಿಡಬೇಡಿ. ಅದು ಬೆಂದು ಒಡೆದು ಬಿಳಿ ನೊರೆಯಂತಾಗುತ್ತದೆ, ಪಾನಕದ ಮೇಲೆ ಕುರಿಯ ಉಣ್ಣೆಯ ಹಾಗೆ ತೇಲುತ್ತದೆ. ಅಗಲ ಪಾತ್ರೆಯಲ್ಲಿ 2 ಲೀಟರ್ ಆಪಲ್ ರಸ ಅಥವಾ ಸೈಡರ್, 80 ಗ್ರಾಂ ಬೆಲ್ಲದ ಬಣ್ಣದ ಸಕ್ಕರೆ, 2 ಚಕ್ಕೆ, ಒಂದು ಅಂಗುಲ ಜಜ್ಜಿದ ಶುಂಠಿ, ಕಾಲು ಜಾಯಿಕಾಯಿಯ ತುರಿ, 12 ಲವಂಗ ಚುಚ್ಚಿದ ಒಂದು ಕಿತ್ತಳೆ ಹಾಕಿ. ಸಣ್ಣ ಉರಿಯಲ್ಲಿ 40 ನಿಮಿಷ. ಅಂಚಿನಲ್ಲಿ ಹಬೆ ಏಳಬೇಕು, ಕುದಿ ಬರಬಾರದು: ಕುದಿದರೆ ಲವಂಗ ಕಹಿ ಬಿಡುತ್ತದೆ, ಸೈಡರಿನ ಮದ್ಯಾಂಶವೂ ಹಾರಿಹೋಗುತ್ತದೆ. ಚಕ್ಕೆಯ ಪುಡಿ ಹಾಕಿದರೆ ತಳದಲ್ಲಿ ಲೋಳೆ ಕಟ್ಟುತ್ತದೆ, ಇಡೀ ಚಕ್ಕೆಯೇ ಸರಿ. ಕೊನೆಗೆ ಬೆಂದ ಸೇಬು ತೇಲಿಬಿಡಿ. ಮಕ್ಕಳಿಗೂ ಮದ್ಯ ಮುಟ್ಟದವರಿಗೂ ಬೇರೆ ಪಾತ್ರೆ, ಬೇರೆ ಸೌಟು ಇಡಿ.

ರಾತ್ರಿಯ ಕ್ರಮ

ಮಧ್ಯಾಹ್ನವೇ ಮನೆ ಗುಡಿಸಿ, ಸ್ನಾನ ಮುಗಿಸಿ. ಸೂರ್ಯ ಮುಳುಗುವಾಗ ಎಲ್ಲರೂ ಹೊರಗೆ ನಿಂತು ನೋಡುವುದು ಒಳ್ಳೆಯದು. ಹೋದದ್ದನ್ನು ಕಂಡವರಿಗೇ ಮರಳಿ ಬಂದದ್ದರ ಬೆಲೆ. ಲಘುವಾಗಿ ಸೂಪು, ರೊಟ್ಟಿ ತಿನ್ನಿ. ಹಬ್ಬದೂಟ ದೀಪದ ನಂತರ.

ಈಗ ಕತ್ತಲು ಮಾಡುವ ಕೆಲಸ. ಸ್ವಿಚ್ ಆರಿಸಿದರೆ ಕತ್ತಲಾಯಿತು ಎಂದುಕೊಳ್ಳಬೇಡಿ. ವೈಫೈ ಪೆಟ್ಟಿಗೆಯ ನೀಲಿ ಚುಕ್ಕೆ, ಟಿವಿಯ ಕೆಂಪು ಚುಕ್ಕೆ, ಒಲೆಪೆಟ್ಟಿಗೆಯ ಗಡಿಯಾರ ಎಲ್ಲಕ್ಕೂ ಕಪ್ಪು ಟೇಪು ಅಂಟಿಸಿ. ಹೊಗೆಯ ಅಲಾರಂ ಮಾತ್ರ ಮುಟ್ಟಬೇಡಿ. ಬೀದಿದೀಪ ಒಳಗೆ ಬರುವ ಕಿಟಕಿಗೆ ಕಂಬಳಿ ಕಟ್ಟಿ. ಮೊಬೈಲ್‌ಗಳೆಲ್ಲ ಆಫ್ ಆಗಿ ಒಂದು ಬುಟ್ಟಿಗೆ, ಬುಟ್ಟಿ ಇನ್ನೊಂದು ಕೋಣೆಗೆ. ಕಣ್ಣು ಕತ್ತಲಿಗೆ ಪೂರ್ತಿ ಹೊಂದಿಕೊಳ್ಳಲು 20–30 ನಿಮಿಷ ಬೇಕು, ಒಂದೇ ಒಂದು ಪರದೆ ಮಿನುಗಿದರೆ ಮತ್ತೆ ಮೊದಲಿಂದ. ಕಡ್ಡಿಪೆಟ್ಟಿಗೆ ದಿಮ್ಮಿಯ ಬಲಕ್ಕೆ, ನೀರಿನ ಬಕೆಟ್ಟು ಎಡಕ್ಕೆ ಇಟ್ಟು ಕತ್ತಲಲ್ಲಿ ಒಮ್ಮೆ ತಡವಿ ನೋಡಿ. ತುರ್ತಿಗೆ ಟಾರ್ಚು ಮನೆಯೊಡತಿಯ ಕೈಯಲ್ಲಿರಲಿ.

ವಿಕ್ಕಾ ಪದ್ಧತಿಯಲ್ಲಾದರೆ ಒಂಬತ್ತು ಅಡಿ ಅಗಲದ ವೃತ್ತ ಹಾಕಿ, ಪೂರ್ವದಿಂದ ಶುರುಮಾಡಿ ಬಲಸುತ್ತಿನಲ್ಲಿ ಗಾಳಿ, ದಕ್ಷಿಣದಲ್ಲಿ ಬೆಂಕಿ, ಪಶ್ಚಿಮದಲ್ಲಿ ನೀರು, ಉತ್ತರದಲ್ಲಿ ಮಣ್ಣನ್ನು ಆಹ್ವಾನಿಸುತ್ತಾರೆ. ನಮ್ಮ ಪ್ರದಕ್ಷಿಣೆಯಂತೆ ಇದೂ ಸೂರ್ಯ ಸಾಗುವ ದಿಕ್ಕು. ಆಸ್ಟ್ರೇಲಿಯಾದಲ್ಲಿ ಸೂರ್ಯ ಉತ್ತರದಲ್ಲಿ ಸಾಗುವುದರಿಂದ ಹಲವರು ಬೆಂಕಿಯನ್ನು ಉತ್ತರಕ್ಕಿಟ್ಟು ಎಡಸುತ್ತು ಬರುತ್ತಾರೆ.

ಆಮೇಲೆ ಮೌನ. ಮಕ್ಕಳಿದ್ದರೆ ಐದು ನಿಮಿಷ, ದೊಡ್ಡವರೇ ಇದ್ದರೆ ಇಪ್ಪತ್ತರಿಂದ ಮೂವತ್ತು. ಈ ಹೊತ್ತಿನಲ್ಲಿ ಸಂಗೀತ ಬೇಡ, ವಿವರಣೆ ಬೇಡ. ಆ ವರ್ಷ ತೀರಿಕೊಂಡವರ ಹೆಸರನ್ನು ಯಾರಿಗಾದರೂ ಹೇಳಬೇಕೆನಿಸಿದರೆ ಹೇಳಲಿ, ಅಳು ಬಂದರೆ ತಡೆಯಬೇಡಿ. ಈ ಮೌನವನ್ನು ಕತ್ತರಿಸುವ ಆತುರ ಎಲ್ಲ ಆತಿಥೇಯರಿಗೂ ಬರುತ್ತದೆ. ಎರಡನೇ ನಿಮಿಷಕ್ಕೆ ಯಾರೋ ಕೆಮ್ಮುತ್ತಾರೆ, ನಾಲ್ಕನೆಯದಕ್ಕೆ ಯಾರೋ ಮಿಸುಕುತ್ತಾರೆ, ಎಂಟರ ನಂತರ ಕೋಣೆ ತಾನಾಗಿ ನೆಲೆಗೊಳ್ಳುತ್ತದೆ. ಅಲ್ಲಿಯವರೆಗೆ ಕಾಯಲೇಬೇಕು.

ಗುಂಪಿನ ಅತಿ ಕಿರಿಯರೋ ಅತಿ ಹಿರಿಯರೋ ಕಡ್ಡಿ ಗೀರಿ ಮೊದಲ ಬತ್ತಿ ಹಚ್ಚುತ್ತಾರೆ. ಚಕಮಕಿ ಕಲ್ಲು ಬಳಸುವವರು ಹಿಂದಿನ ದಿನ ಅದೇ ಅರಳೆಯಲ್ಲಿ ಅಭ್ಯಾಸ ಮಾಡಿರಲಿ, ತೇವ ಹಿಡಿದ ಅರಳೆಗೆ ಕಿಡಿ ತಾಗುವುದಿಲ್ಲ. ಆ ಜ್ವಾಲೆಯಿಂದ ಪ್ರತಿಯೊಬ್ಬರೂ ತಮ್ಮ ಕೈಯ ಚಿಕ್ಕ ಬತ್ತಿ ಹೊತ್ತಿಸಿಕೊಂಡು, ಬೆಳೆಯುವ ಬೆಳಕಿನೊಂದಿಗೆ ಏನು ಬೆಳೆಯಬೇಕೆಂದು ಒಂದೇ ವಾಕ್ಯದಲ್ಲಿ ಹೇಳುತ್ತಾರೆ. ಉರಿಯುವ ಬತ್ತಿ ನೆಟ್ಟಗೇ ಇರಲಿ, ಹಚ್ಚಬೇಕಾದ ಬತ್ತಿಯನ್ನು ಬಾಗಿಸಿ. ತಿರುಗುಮುರುಗಾದರೆ ಬಿಸಿ ಮೇಣ ಪಕ್ಕದವರ ಕೈಗೆ.

ಕೆಲವು ಗುಂಪುಗಳು ಇಲ್ಲಿ ಹಾಲಿ ಗಿಡದ ರಾಜ ಮತ್ತು ಓಕ್ ಮರದ ರಾಜರ ಕಾಳಗ ಆಡುತ್ತವೆ. ಕ್ಷೀಣಿಸುವ ವರ್ಷದ ಒಡೆಯ ಹಾಲಿ ರಾಜ ಬೀಳುತ್ತಾನೆ, ಬೇಸಿಗೆಯವರೆಗೆ ಓಕ್ ರಾಜನ ಆಳ್ವಿಕೆ. ಮೂರು ನಿಮಿಷದೊಳಗೆ, ಬತ್ತಿಗಳಿಂದ ದೂರದಲ್ಲಿ ಮುಗಿಸಿದರೆ ಮಕ್ಕಳಿಗೆ ಬಹಳ ಹಿಡಿಸುತ್ತದೆ.

ಹೀದನ್ ಮನೆಯಲ್ಲಿ

ಇಲ್ಲಿ ಮುಖ್ಯವಾದದ್ದು ಸುಂಬೆಲ್. ಕೊಂಬಿನ ಪಾತ್ರೆಯಲ್ಲಿ ಜೇನಿನ ಮದ್ಯ ಮೂರು ಸುತ್ತು ಬರುತ್ತದೆ: ಮೊದಲ ಸುತ್ತು ಓಡಿನ್, ಫ್ರೇ, ನ್ಯೋರ್ಡ್ ಮುಂತಾದ ದೇವತೆಗಳಿಗೆ, ಎರಡನೆಯದು ಪೂರ್ವಜರಿಗೆ, ಮೂರನೆಯದು ಪ್ರತಿಜ್ಞೆಗೆ. ಕೊಂಬಿನ ತುದಿ ಪಕ್ಕಕ್ಕಿರುವಂತೆ ಹಿಡಿದು ನಿಧಾನವಾಗಿ ಓರೆ ಮಾಡಿ; ತುದಿ ಮೇಲಕ್ಕಿದ್ದರೆ ಗಾಳಿ ಒಮ್ಮೆಲೆ ಒಳನುಗ್ಗಿ ಮದ್ಯ ಮುಖಕ್ಕೆ ಎರಚುತ್ತದೆ. ಕುಡಿಯದವರು ತುಟಿಗೆ ಸೋಕಿಸಿ ಅಥವಾ ಕೊಂಬನ್ನು ಎತ್ತಿ ನಮಿಸಿ ಮುಂದೆ ಕೊಡಬಹುದು. ಯೂಲ್‌ನಲ್ಲಿ ಇಟ್ಟ ಆಣೆಯನ್ನು ಇಡೀ ಸಭೆ ಹೊತ್ತುಕೊಳ್ಳುತ್ತದೆ ಎಂಬ ನಂಬಿಕೆಯಿದೆ. ಆದ್ದರಿಂದ ಅಮಲಿನಲ್ಲಿ ಹೇಳಬೇಡಿ. ವರ್ಷದೊಳಗೆ ಮುಗಿಯುವ, ಅಳೆಯಬಹುದಾದ ಕೆಲಸವನ್ನೇ ಹೇಳಿ.

ಒಂದು ಎಚ್ಚರಿಕೆಯ ಮಾತು. ಹೀದನ್ನರಲ್ಲಿ ವಂಶ ನೋಡಿ ಜನರನ್ನು ಸೇರಿಸಿಕೊಳ್ಳುವ ಕೆಲವು ಗುಂಪುಗಳಿವೆ. ಅವರನ್ನು ಬಲವಾಗಿ ವಿರೋಧಿಸುವ, ಎಲ್ಲರನ್ನೂ ಬರಮಾಡಿಕೊಳ್ಳುವ ಗುಂಪುಗಳೂ ಇವೆ. ಆಹ್ವಾನ ಒಪ್ಪುವ ಮೊದಲು ನೇರವಾಗಿ ಕೇಳಿ. ಒಳ್ಳೆಯ ಗುಂಪು ಈ ಪ್ರಶ್ನೆಗೆ ಬೇಸರಿಸುವುದಿಲ್ಲ.

ಅತಿಥಿಯಾಗಿ ಹೋಗುವ ಕನ್ನಡಿಗರು ಸಸ್ಯಾಹಾರಿಗಳಾದರೆ ಮೊದಲೇ ತಿಳಿಸಿ, ಹೀದನ್ ಹಬ್ಬದೂಟದಲ್ಲಿ ಹಂದಿಮಾಂಸಕ್ಕೆ ವಿಶೇಷ ಸ್ಥಾನ. ಹಂಚಿಕೊಳ್ಳಲು ಎಳ್ಳುಬೆಲ್ಲ ಒಯ್ದರೆ ಸೂರ್ಯನ ಹಬ್ಬಕ್ಕೆ ಚೆನ್ನಾಗಿ ಒಪ್ಪುತ್ತದೆ. ಎಳ್ಳು ಮತ್ತು ಕಡಲೆಕಾಯಿ ಇದೆಯೆಂದು ಡಬ್ಬಿಯ ಮೇಲೆ ಬರೆದಿಡಿ, ಕೆಲವರಿಗೆ ಅದರ ಅಲರ್ಜಿ ಪ್ರಾಣಕ್ಕೇ ಕುತ್ತು.

ಕಾವಲು

ಹದಿನಾರು ಗಂಟೆ ಎಲ್ಲರೂ ಎಚ್ಚರವಿರಲು ಹೋದರೆ ಮೂರು ಗಂಟೆಗೆ ಎಲ್ಲರೂ ಒಟ್ಟಿಗೆ ನಿದ್ದೆ ಹೋಗುತ್ತಾರೆ, ಬತ್ತಿ ಒಂಟಿಯಾಗಿ ಉರಿಯುತ್ತಿರುತ್ತದೆ. ಇಬ್ಬಿಬ್ಬರಂತೆ ಎರಡೆರಡು ಗಂಟೆಯ ಪಾಳಿ ಹಾಕಿ, ಒಬ್ಬರೇ ಬೇಡ. ನಸುಕಿನ ಮೂರರಿಂದ ಐದರ ಪಾಳಿ ಅತಿ ಕಠಿಣ, ಅದನ್ನು ರೂಢಿಯಿದ್ದವರಿಗೆ ಕೊಡಿ. ಹಿತ್ತಿಲಲ್ಲಿ ಬೆಂಕಿ ಹಾಕುವುದಾದರೆ ಸಣ್ಣ ಬೆಂಕಿಗೂ ಗಂಟೆಗೆ ಮೂರ್ನಾಲ್ಕು ಕಿಲೋ ಒಣ ಸೌದೆ ಎಂದು ಲೆಕ್ಕ ಹಿಡಿದು, ಇಡೀ ರಾತ್ರಿಗೆ 60 ಕಿಲೋ ತಂದು ಮಳೆ ತಾಗದಂತೆ ಮುಚ್ಚಿಡಿ. ಚಳಿ ತಡೆಯದೆ ಕೆಂಡದ ಬಾಣಲೆಯನ್ನು ಒಳಗೆ ತರಬೇಡಿ. ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ಮಲಗಿದವರು ಏಳುವುದಿಲ್ಲ.

ಬೆಳಗು

ಸೂರ್ಯ ಹುಟ್ಟುವುದು ನೇರ ಪೂರ್ವದಲ್ಲಲ್ಲ. ಲಂಡನ್ನಿನಲ್ಲಿ ಅಂದು ದಿಕ್ಸೂಚಿಯ 128 ಡಿಗ್ರಿಯ ಹತ್ತಿರ, ಅಂದರೆ ಆಗ್ನೇಯದಲ್ಲಿ. ಪೂರ್ವಕ್ಕೆ ಮುಖ ಮಾಡಿ ನಿಂತು ಬಲಗಡೆಯ ಮನೆಯ ಹಿಂದೆ ಸೂರ್ಯ ಏರಿದ್ದನ್ನು ತಪ್ಪಿಸಿಕೊಂಡವರು ಅನೇಕರು. ಹಿಂದಿನ ದಿನವೇ ಜಾಗ ನೋಡಿಕೊಂಡು, ಸೂರ್ಯೋದಯಕ್ಕೆ 40 ನಿಮಿಷ ಮೊದಲು ಹೊರಡಿ. ಆಗಲೇ ಬಾನು ಬೆಳಗಲು ತೊಡಗಿರುತ್ತದೆ. ಬ್ರಿಟನ್ನಿನ ಡಿಸೆಂಬರಿನಲ್ಲಿ ಮೋಡವೇ ಹೆಚ್ಚು. ಸೂರ್ಯ ಕಾಣದಿದ್ದರೂ ಲೆಕ್ಕದ ನಿಮಿಷಕ್ಕೆ ಸರಿಯಾಗಿ ಗಂಟೆ ಬಾರಿಸಿ, ಡೋಲು ಬಡಿದು, ವಾಸೇಲ್ ಎತ್ತಿ ಕೂಗಿ. ಲಾಟೀನಿನ ಜ್ವಾಲೆಯನ್ನು ಆಗ ಆರಿಸುತ್ತಾರೆ. ರಾತ್ರಿಯಿಡೀ ಕಾಯ್ದದ್ದನ್ನು ಸೂರ್ಯನಿಗೆ ಒಪ್ಪಿಸಿದಂತೆ.

ಇಂಗ್ಲೆಂಡಿನ ಪ್ರಾಚೀನ ಕಲ್ಲುವೃತ್ತವಾದ ಸ್ಟೋನ್‌ಹೆಂಜ್‌ಗೆ ಹೋಗುವವರು ಅದನ್ನು ನೋಡಿಕೊಳ್ಳುವ ಇಂಗ್ಲಿಷ್ ಹೆರಿಟೇಜ್ ಸಂಸ್ಥೆ ಆ ವರ್ಷಕ್ಕೆ ಪ್ರಕಟಿಸುವ ದಿನಾಂಕವನ್ನೇ ನೋಡಿಕೊಳ್ಳಿ; 2009ರಲ್ಲಿ ನೂರಾರು ಜನ ಒಂದು ದಿನ ಮೊದಲೇ ಬಂದು ನಿಂತಿದ್ದರು. ಅಂದು ಬೆಳಗ್ಗೆ ಕಲ್ಲುಗಳ ನಡುವೆ ಹೋಗಲು ಶುಲ್ಕವಿಲ್ಲ. ಜನ ಸೇರುವುದು ಸೂರ್ಯೋದಯಕ್ಕೆ, ಆದರೆ ಕಲ್ಲುಗಳು ಗುರಿ ಇಟ್ಟಿರುವುದು ಅಂದಿನ ನೈರುತ್ಯದ ಸೂರ್ಯಾಸ್ತಕ್ಕೆ. ಐರ್ಲೆಂಡಿನ ಪ್ರಾಚೀನ ಸಮಾಧಿದಿಬ್ಬವಾದ ನ್ಯೂಗ್ರೇಂಜ್‌ನಲ್ಲಿ ಮಾತ್ರ ಸೂರ್ಯೋದಯವೇ: ಬಾಗಿಲ ಮೇಲಿನ ಕಿಂಡಿಯಿಂದ ಬಂದ ಕಿರಣ ಒಳಗಿನ ಕೋಣೆಯನ್ನು ಸುಮಾರು 17 ನಿಮಿಷ ಬೆಳಗುತ್ತದೆ. ಒಳಗೆ ಹೋಗುವವರನ್ನು ಚೀಟಿ ಎತ್ತಿ ಆರಿಸುತ್ತಾರೆ.

ಮನೆಗೆ ಬಂದು ಹಕ್ಕಿಗಳಿಗೆ ಊಟ ಇಡಿ. ಒಂದು ಪಾಲು ಉಪ್ಪಿಲ್ಲದ ಗಟ್ಟಿ ಪ್ರಾಣಿಕೊಬ್ಬು ಕರಗಿಸಿ, ಎರಡು ಪಾಲು ಕಾಳು, ಓಟ್ಸ್ ಬೆರೆಸಿ, ಬಟ್ಟಲಿಗೆ ಹಾಕಿ ಹೆಪ್ಪುಗಟ್ಟಿಸಿ ಮರಕ್ಕೆ ತೂಗುಹಾಕುವುದು. ಅಡುಗೆಯಲ್ಲಿ ಉಳಿದ ಕೊಬ್ಬು ಬೇಡ. ಅದು ಮೆತ್ತಗಾಗಿ ರೆಕ್ಕೆಗೆ ಅಂಟುತ್ತದೆ, ಉಪ್ಪೂ ಇರುತ್ತದೆ. ಒಲೆಯ ಬೂದಿಯನ್ನು ಲೋಹದ ಬಕೆಟ್ಟಿನಲ್ಲಿ ಮನೆಯ ಹೊರಗೆ ಎರಡು ದಿನ ಇಟ್ಟು, ತಣಿದ ಮೇಲೆ ಹಣ್ಣಿನ ಗಿಡಗಳ ಬುಡಕ್ಕೆ ಒಂದೊಂದು ಹಿಡಿ ಹಾಕಿ. ಹುಳಿ ಮಣ್ಣು ಬಯಸುವ ಬ್ಲೂಬೆರಿಗೆ ಮಾತ್ರ ಹಾಕಬೇಡಿ.

ಲಂಡನ್ನಿನಲ್ಲಿ ಬೆಳಗುಗಳು ಜನವರಿಯ ಮೊದಲ ದಿನಗಳವರೆಗೆ ಇನ್ನೂ ಒಂದೆರಡು ನಿಮಿಷ ತಡವಾಗುತ್ತಲೇ ಹೋಗುತ್ತವೆ. ಹಗಲು ಬೆಳೆಯುತ್ತಿರುವುದು ಸಂಜೆಯ ಕಡೆಯಿಂದ. ಹಬ್ಬದ ಮರುವಾರ ಅದೇ ಕಿಟಕಿಯಲ್ಲಿ ನಾಲ್ಕು ಗಂಟೆಗೆ ನಿಂತು ನೋಡಿ, ನಾಲ್ಕೈದು ನಿಮಿಷದ ಬೆಳಕು ಹೆಚ್ಚಾಗಿರುತ್ತದೆ.